ಎದುರುಬದುರು ಎರಡು ಕುರ್ಚಿ

ಧರ್ಮಪಾಲ ಸ್ಪೀಕರ್ ಕೊಳ್ಳಲು ಹೊರಟದ್ದು ಸಂಗೀತದ ಹುಚ್ಚಿನಿಂದಲ್ಲ. ತನ್ನ ಮೇಲೆ ಬಿದ್ದ ಒಂದು ಮಾತನ್ನು ಅವನಿಗೆ ಇನ್ನೊಮ್ಮೆ, ಸರಿಯಾಗಿ, ಕೇಳಿಸಿಕೊಳ್ಳಬೇಕಾಗಿತ್ತು.

ಆ ಮಾತು ಹೇಳಿದವನು ಅವನ ಹಳೆಯ ಗೆಳೆಯ ಯಜ್ಞೇಶ್ವರ. ಹೇಳಿದ ಜಾಗ, ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿ ಕರಾವಳಿಯವರು ಕಟ್ಟಿಕೊಂಡಿದ್ದ ಒಂದು ಸಣ್ಣ ಸಂಘದ ಕೋಣೆ. ಆದಿತ್ಯವಾರ ಮಧ್ಯಾಹ್ನ ಊಟ ಮುಗಿಸಿಕೊಂಡು ಅಲ್ಲಿ ತಾಳಮದ್ದಳೆಗೆ ಸೇರುತ್ತಿದ್ದರು. ಯಕ್ಷಗಾನದಿಂದ ವೇಷ, ಕುಣಿತ ಕಳೆದರೆ ಉಳಿಯುವುದು ತಾಳಮದ್ದಳೆ. ನಡುವೆ ಭಾಗವತರು ಹಾಡುತ್ತಾರೆ, ಅವರ ಪಕ್ಕದಲ್ಲಿ ಮದ್ದಳೆ, ಚೆಂಡೆ. ಮುಂದೆ ಎದುರುಬದುರು ಕುರ್ಚಿ ಹಾಕಿಕೊಂಡು ಅರ್ಥಧಾರಿಗಳು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿಗೆ ಮಾತು ಜೋಡಿಸುತ್ತಾರೆ. ಬಾಯಿಪಾಠ ನಡೆಯುವುದಿಲ್ಲ. ಎದುರಿನವನು ಎಸೆದದ್ದನ್ನು ಅಲ್ಲೇ ಹಿಡಿದು ಅಲ್ಲೇ ವಾಪಸು ಎಸೆಯಬೇಕು. ಎಷ್ಟೇ ಬಿಸಿಯೇರಲಿ, ಕೊನೆಗೆ ಮಂಗಳ ಹಾಡಿದ ಮೇಲೆ ಆಡಿದ ಮಾತನ್ನು ಕುರ್ಚಿಯಲ್ಲೇ ಬಿಟ್ಟು ಎದ್ದು ಒಟ್ಟಿಗೆ ಚಾ ಕುಡಿಯುವುದು ಪದ್ಧತಿ. ಧರ್ಮಪಾಲ ಯಾವಾಗಲೂ ರಾಜ, ಯಜ್ಞೇಶ್ವರ ಯಾವಾಗಲೂ ದೂತ. ಪ್ರಸಂಗ ಬದಲಾದರೂ ಈ ಎರಡು ಕುರ್ಚಿ ಬದಲಾಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ರಾಯಭಾರದ ಪ್ರಸಂಗ. ಅರ್ಧ ರಾಜ್ಯ ಕೇಳಲು ಬಂದ ದೂತನಿಗೆ ಧರ್ಮಪಾಲ ಮೀಸೆ ಇಲ್ಲದ ಕಡೆಯಲ್ಲಿ ಮೀಸೆ ತಿರುವಿ, "ಒಂದು ಅಡಿ ನೆಲವನ್ನೂ ಕೊಡೆ" ಎಂದ. ಯಜ್ಞೇಶ್ವರ ತಣ್ಣಗೆ ಹೇಳಿದ: "ಇಷ್ಟು ದೊಡ್ಡ ಅರಮನೆ ಕಟ್ಟಿಸಿದೆ ಮಹಾರಾಜಾ. ಸಂಜೆಗೆ ದೀಪ ಹಚ್ಚುವುದಕ್ಕೆ ಒಳಗೆ ಒಂದು ಜೀವ ಇಲ್ಲ. ಖಾಲಿ ಮನೆಯ ಯಜಮಾನನಿಗೆ ಗಡಿಯ ಚಿಂತೆ ಯಾಕೆ?"

ಕೋಣೆ ಗೊಳ್ಳೆಂದಿತು. ಧರ್ಮಪಾಲ ಮದುವೆಯಾಗದವನೆಂದೂ, ಆ ತಿಂಗಳಷ್ಟೇ ಡೊಂಬಿವಲಿ ಪೂರ್ವದಲ್ಲಿ ಒಂದು ಹಾಲ್ ಒಂದು ಕಿಚನ್ನಿನ ಸ್ವಂತ ಮನೆ ಮಾಡಿಕೊಂಡಿದ್ದಾನೆಂದೂ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವನ ಬಾಯಿಂದ ಉತ್ತರ ಹೊರಡಲಿಲ್ಲ. ಭಾಗವತರು ಕರುಣೆಯಿಟ್ಟು ಮುಂದಿನ ಪದ ಎತ್ತಿಕೊಂಡರು. ಮಂಗಳವಾದದ್ದೇ ತಡ, ಅವನು ಚಾ ಕುಡಿಯದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ. ಹಿಂದಿನಿಂದ ಯಾರಾದರೂ ಕರೆಯುತ್ತಾರೆಂದು ಮೆಟ್ಟಿಲ ಮೇಲೆ ಸ್ವಲ್ಪ ನಿಧಾನ ಮಾಡಿದ್ದೂ ನಿಜ. ಯಾರೂ ಕರೆಯಲಿಲ್ಲ.

ಮುಂದಿನ ವಾರ ಹೋಗಿ ಸರಿಮಾಡಿಕೊಳ್ಳಬಹುದಿತ್ತು. ಆದರೆ ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರೆಂದು ಸಂಘದ ಕೋಣೆಗೆ ಬೀಗ ಬಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಭಾಗವತರೂ ತೀರಿಕೊಂಡರು. ಯಜ್ಞೇಶ್ವರ ಹೆಂಡತಿ ತೀರಿಹೋದ ಮೇಲೆ ಕೋಪರಖೈರಣೆಗೆ, ಮಗಳು ರಮಿತಾಳ ಮನೆಗೆ ಹೋದ. ಆ ಸುದ್ದಿ ಧರ್ಮಪಾಲನಿಗೆ ಮೂರನೆಯವರ ಬಾಯಿಂದ ತಿಳಿಯಿತು. ಅವನು ಫೋನು ಮಾಡಲಿಲ್ಲ. ಮಾಡಬೇಕಿತ್ತು, ಅದು ಅವನಿಗೂ ಗೊತ್ತಿತ್ತು. ಹಟ ಎನ್ನುವುದು ಒಬ್ಬಂಟಿಗನ ಮನೆಯಲ್ಲಿ ಬಾಡಿಗೆ ಕೊಡದೆ ಉಳಿಯುವ ನೆಂಟ, ಹೋಗು ಎಂದರೂ ಹೋಗುವುದಿಲ್ಲ.

ಅವನ ಕಷ್ಟ ಇನ್ನೊಂದಿತ್ತು. ಠಾಣೆಯ ಒಂದು ಉಡುಪಿ ಹೊಟೇಲಿನ ಗಲ್ಲೆಯಲ್ಲಿ ಕೂತು ಹಣ ತೆಗೆದುಕೊಳ್ಳುವುದರಲ್ಲಿ ಅವನ ಆಯುಸ್ಸು ಕಳೆದಿತ್ತು. ಮಲಗುತ್ತಿದ್ದದ್ದು ಹೊಟೇಲಿನ ಮಾಳಿಗೆಯಲ್ಲಿ, ಹುಡುಗರ ಗೊರಕೆಯ ನಡುವೆ. ತಲೆ ತಗ್ಗಿಸಿ ಚಿಲ್ಲರೆ ಎಣಿಸುತ್ತಿದ್ದರೂ ಲೋಟ ಕುಕ್ಕಿದ್ದು ಯಾವ ಟೇಬಲಿನಲ್ಲಿ, ಕುರ್ಚಿ ಎಳೆದು ಎದ್ದದ್ದು ಯಾವ ಮೂಲೆಯಲ್ಲಿ ಎಂದು ಕಿವಿಯೇ ಹೇಳುತ್ತಿತ್ತು. ಬಿಲ್ಲು ಕೊಡದೆ ಜಾರುವವರನ್ನು ಅವನು ಹಿಡಿಯುತ್ತಿದ್ದದ್ದು ಕಣ್ಣಿನಿಂದಲ್ಲ. ಈಗ ಆ ಹೊಟೇಲು ಮಾರಿಹೋಗಿ ಅಲ್ಲಿ ಮೊಬೈಲ್ ಅಂಗಡಿ ಬಂದಿದೆ. ಆ ಕಿವಿ ಡೊಂಬಿವಲಿಯ ಹಾಲ್‌ನಲ್ಲಿ ಕೂತು ದಿನವಿಡೀ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಕೇಳುತ್ತಿತ್ತು. ಹಗಲು ಎಷ್ಟು ಉದ್ದ ಎಂದು ಅವನಿಗೆ ಗೊತ್ತಾದದ್ದೇ ಕೆಲಸ ಬಿಟ್ಟ ಮೇಲೆ.

ಆ ಕೊನೆಯ ತಾಳಮದ್ದಳೆಯನ್ನು ಸಂಘದ ಕಾರ್ಯದರ್ಶಿ ಸೂರಜ್ ಎರಡು ಕಡೆ ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡಿ, ಎಲ್ಲರಿಗೂ ಒಂದೊಂದು ಪೆನ್‌ಡ್ರೈವ್ ಹಂಚಿದ್ದ. ಧರ್ಮಪಾಲ ಅದನ್ನು ಫೋನಿಗೆ ಹಾಕಿಸಿಕೊಂಡು ಕೇಳಿದ. ಫೋನಿನ ಚಿಟಿಕೆಯಷ್ಟು ಬಾಯಿಂದ ಮದ್ದಳೆ ಡಬ್ಬ ಬಡಿದಂತೆ, ರಾಜ, ದೂತ, ಭಾಗವತರು ಎಲ್ಲರೂ ಒಂದೇ ಡಬ್ಬಿಯೊಳಗಿಂದ ಕೂಗಿದಂತೆ ಬರುತ್ತಿತ್ತು. ಯಾರು ಎಲ್ಲಿ ಕೂತಿದ್ದಾರೆಂದೇ ತಿಳಿಯದಿದ್ದರೆ ಆ ಮಾತನ್ನು ಯಜ್ಞೇಶ್ವರ ಕುಹಕದಿಂದ ಹೇಳಿದನೋ ತಮಾಷೆಗೆ ಹೇಳಿದನೋ ಹೇಗೆ ತಿಳಿಯಬೇಕು? ಇದು ಸ್ಪೀಕರ್ ಕೊಳ್ಳಲು ಅವನು ತನಗೆ ತಾನೇ ಕೊಟ್ಟ ಕಾರಣ.

ಮೊದಲು ಠಾಣೆಯ ಮಾಲ್‌ಗೆ ಹೋದ. ಅಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್ ಅವನನ್ನು ಸೋಫಾದಲ್ಲಿ ಕೂರಿಸಿ, ಟೀವಿ ಕೆಳಗಿಡುವ ಉದ್ದನೆಯ ಕೋಲಿನಂಥ ಸ್ಪೀಕರ್ ತೋರಿಸಿದ. "ಅಂಕಲ್, ಚಾರೋಂ ತರಫ್ ಸೆ ಸೌಂಡ್ ಆಯೇಗಾ" ಎಂದ. ನಾಲ್ಕೂ ಕಡೆಯಿಂದ ಬಂತು, ಅದರಲ್ಲಿ ಸುಳ್ಳಿಲ್ಲ. ಭಾಗವತರು ಧರ್ಮಪಾಲನ ನೆತ್ತಿಯ ಮೇಲೆ ಕೂತು ಹಾಡಿದರು. ದೂತ ಬೆನ್ನ ಹಿಂದಿನಿಂದ ಮಾತಾಡಿದ. ರಾಜನ ಬೆನ್ನ ಹಿಂದೆ ಮಾತಾಡುವ ದೂತನನ್ನು ಯಾವ ಪ್ರಸಂಗದಲ್ಲೂ ಕಾಣೆವು. ಬೆಲೆಯೂ ನೆತ್ತಿಯ ಮೇಲೆಯೇ ಇತ್ತು, ಎದ್ದು ಬಂದ.

ಕಲ್ಯಾಣದ ಸ್ಟೇಷನ್ನಿನ ಹೊರಗಿನ ಅಂಗಡಿಯಲ್ಲಿ ಆಳೆತ್ತರದ, ಬಣ್ಣಬಣ್ಣದ ದೀಪ ಮಿಟುಕಿಸುವ ಸ್ಪೀಕರ್ ಇದ್ದವು. ಅಗ್ಗವೂ ಹೌದು. ಪೆನ್‌ಡ್ರೈವ್ ಸಿಕ್ಕಿಸಿದೊಡನೆ ಮದ್ದಳೆ ಗಣಪತಿ ಮೆರವಣಿಗೆಯ ಢೋಲಾಗಿ ಎದೆಗೆ ಗುದ್ದಿತು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಕುಣಿದರು. ಯಜ್ಞೇಶ್ವರನ ದನಿ ಆ ಗುದ್ದಾಟದಲ್ಲಿ ಎಲ್ಲಿ ಸತ್ತಿತೋ ದೇವರೇ ಬಲ್ಲ.

ಕೊನೆಗೆ ಯಾರೋ ಉಲ್ಹಾಸನಗರ ಎಂದರು. ಅಲ್ಲಿನ ಸಂದಿಯೊಂದರಲ್ಲಿ ಕುಶನ್ ಕುರ್ಚಿಯಲ್ಲಿ ಹುದುಗಿ ಕೂತಿದ್ದ ಸಿಂಧಿ ಸೇಠನ ಅಂಗಡಿ. ಗೋಡೆಗೆ ಎರಡು ಮರದ ಪೆಟ್ಟಿಗೆ, ಒಂದೊಂದೂ ಬ್ರೆಡ್ಡಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು. ನೋಡಲು ಏನೂ ಇಲ್ಲ. ಸೇಠ ಆಕಳಿಸುತ್ತ ಪೆನ್‌ಡ್ರೈವ್ ಹಾಕಿದ. ಧರ್ಮಪಾಲ ಗಲ್ಲೆಯಲ್ಲಿ ಕೂತವನ ಹಾಗೆ ತಲೆ ತಗ್ಗಿಸಿ ಕಣ್ಣು ಮುಚ್ಚಿದ. ಭಾಗವತರು ಪದಕ್ಕೆ ಮುಂಚೆ ಎಳೆದುಕೊಂಡ ಉಸಿರು ಕೇಳಿಸಿತು. ಅವರ ಪಕ್ಕ, ಒಂದಿಷ್ಟು ಹಿಂದೆ ಮದ್ದಳೆ. ಆಚೆ ಮೂಲೆಯಲ್ಲಿ ಯಾರೋ ಕೆಮ್ಮಿದರು. ಕೋಣೆಯೇ ಬಂದು ನಿಂತಿತ್ತು, ಆ ಸೀಲಿಂಗ್ ಫ್ಯಾನಿನ ಕಿರ್ ಕಿರ್ ಸಮೇತ. ಧರ್ಮಪಾಲ ಚೌಕಾಸಿ ಮಾಡುವುದನ್ನೇ ಮರೆತ, ಹೊಟೇಲಿನವನು ಚೌಕಾಸಿ ಮರೆಯುವುದೆಂದರೆ ಸಾಮಾನ್ಯವಲ್ಲ.

ಪೆಟ್ಟಿಗೆಗಳನ್ನು ಲೋಕಲ್ ರೈಲಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದ. ಮನೆಯಲ್ಲಿದ್ದದ್ದು ಎರಡೇ ಕುರ್ಚಿ. ಒಂದು ತನಗೆ, ಇನ್ನೊಂದು ಬಂದವರಿಗೆ ಎಂದು ತಂದದ್ದು. ಬಂದವರ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿರಲಿಲ್ಲ. ಅವನು ಯೋಚನೆಯನ್ನೇ ಮಾಡದೆ ಎರಡು ಕುರ್ಚಿಗಳನ್ನು ಎದುರುಬದುರು ಇಟ್ಟು, ಒಂದೊಂದರ ಮೇಲೆ ಒಂದೊಂದು ಸ್ಪೀಕರನ್ನು ಮುಖಾಮುಖಿ ಕೂರಿಸಿದ. ರಾಜ ಇಲ್ಲಿ, ದೂತ ಅಲ್ಲಿ. ತಾಳಮದ್ದಳೆಗೆ ಬೇರೆ ಹೇಗೆ ಕೂರಿಸುತ್ತಾರೆ? ತಾನು ಸಭೆಯವನಂತೆ ಮಂಚದ ಮೇಲೆ ಕೂತು ಶುರು ಮಾಡಿದ.

ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದ ಹಾಗೆ ಬಂತು. ಭಾಗವತರು ಪತ್ತೆಯೇ ಇಲ್ಲ. ಧರ್ಮಪಾಲನಿಗೆ ಮೈ ಉರಿಯಿತು, ತೋರಿಸಿದ್ದೊಂದು ಕೊಟ್ಟದ್ದೊಂದು ಎಂದುಕೊಂಡ. ಬೆಳಗಾದೊಡನೆ ಮತ್ತೆ ಉಲ್ಹಾಸನಗರಕ್ಕೆ ಹೋಗಿ ಸೇಠನ ಮೇಲೆ ಹಾರಾಡಿದ. ಸೇಠ ಎಲ್ಲ ಕೇಳಿ, ಹೇಗೆ ಇಟ್ಟಿದ್ದೀರಿ ಎಂದು ವಿಚಾರಿಸಿ, ಹೊಟ್ಟೆ ಕುಲುಕುವಂತೆ ನಕ್ಕ.

"ಅರೆ ಅಣ್ಣಾ, ಸ್ಪೀಕರ್ ಕೋ ಆಪಸ್ ಮೇ ಬಾತ್ ನಹೀಂ ಕರ್ನಾ ಹೈ. ಆಪ್ ಸೆ ಕರ್ನಾ ಹೈ!"

ಅವು ತಮ್ಮತಮ್ಮೊಳಗೆ ಮಾತಾಡಬೇಕಾಗಿಲ್ಲ, ನಿಮ್ಮ ಹತ್ತಿರ ಮಾತಾಡಬೇಕು. ಎರಡರ ಮುಖವನ್ನೂ ನಿಮ್ಮ ಕಡೆ ತಿರುಗಿಸಿ, ನೀವು ನಟ್ಟನಡುವೆ ಕೂರಿ. ಇಷ್ಟೇ ವಿಷಯ. ಧರ್ಮಪಾಲ ಪೆಚ್ಚಾಗಿ ಹಿಂದಿರುಗಿ, ಕುರ್ಚಿಗಳನ್ನು ಗೋಡೆಗೆ ಸರಿಸಿ, ಸ್ಪೀಕರುಗಳನ್ನು ತನ್ನತ್ತ ತಿರುಗಿಸಿದ. ಬಂತು ನೋಡಿ! ಕ್ಯಾಲೆಂಡರ್ ತೂಗುಹಾಕಿದ್ದ ಖಾಲಿ ಗೋಡೆಯ ನಡುವಿನಿಂದ, ಸ್ಪೀಕರೇ ಇಲ್ಲದ ಜಾಗದಿಂದ, ತೀರಿಕೊಂಡ ಭಾಗವತರು ಹಾಡಿದರು. ಎಡಗಡೆ ರಾಜ, ಬಲಗಡೆ ದೂತ. ಹಾಲ್‌ನ ಗೋಡೆಗಳು ಆಚೆ ಸರಿದವು. ಧರ್ಮಪಾಲ ಕೈಮುಗಿದ.

ಆದರೆ ನೀರು ಕುಡಿಯಲೆಂದು ಎದ್ದು ಎರಡು ಹೆಜ್ಜೆ ಆಚೆ ಹೋದನೋ ಇಲ್ಲವೋ, ಭಾಗವತರು ಗೋಡೆ ಬಿಟ್ಟು ಒಂದು ಪೆಟ್ಟಿಗೆಯೊಳಗೆ ಜಾರಿಕೊಂಡರು. ವಾಪಸು ಕೂತರೆ ನಡುವಿಗೆ ಬಂದರು. ಮಂಚದ ಮೇಲೆ ಆ ಒಂದು ಜಾಗ ಬಿಟ್ಟರೆ ಎಲ್ಲಿ ಕೂತರೂ ಸಭೆ ಒಡೆಯುತ್ತಿತ್ತು. ಸಂಘದ ಕೋಣೆಯಲ್ಲಿ ಬಾಗಿಲ ಬಳಿ, ಕಿಟಕಿಯ ಕಟ್ಟೆಯ ಮೇಲೆ, ಚಪ್ಪಲಿಗಳ ಪಕ್ಕ ಕೂತವರಿಗೂ ಭಾಗವತರು ನಡುವೆಯೇ ಇರುತ್ತಿದ್ದರು. ಇದು ಒಬ್ಬನಿಗೆ ಮಾತ್ರ ಮಾಡಿದ ಸಭೆ. ಧರ್ಮಪಾಲನಿಗೆ ಸ್ಪೀಕರ್ ಮೇಲೆ ಮೊದಲ ಬಾರಿ ಬೇಸರ ಬಂತು.

ಮತ್ತೆ ಆ ಮಾತು. "ಖಾಲಿ ಮನೆಯ ಯಜಮಾನನಿಗೆ ಗಡಿಯ ಚಿಂತೆ ಯಾಕೆ?" ಬಲಗಡೆಯಿಂದ ಯಜ್ಞೇಶ್ವರ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಹೇಳಿದ. ಕುಹಕವೋ ತಮಾಷೆಯೋ ಈಗಲೂ ತಿಳಿಯಲಿಲ್ಲ. ಒಳ್ಳೆಯ ಸ್ಪೀಕರಿನಿಂದ ಆದ ಲಾಭ ಒಂದೇ, ನೋಯಿಸುವ ಮಾತು ಇನ್ನಷ್ಟು ನಿಚ್ಚಳವಾಗಿ ನೋಯಿಸಿತು. ಎಡಗಡೆ ರಾಜನ ಕುರ್ಚಿಯಿಂದ ಬಂದದ್ದು ತನ್ನದೇ ಮೌನ. ಆ ಮೌನ ಎಷ್ಟು ಉದ್ದವಿತ್ತೆಂದು ಅವನಿಗೆ ಅಂದು ಸಂಘದಲ್ಲಿ ತಿಳಿದಿರಲಿಲ್ಲ.

ಒಂದು ದಿನ ಆ ಮೌನದೊಳಗೆ ಉತ್ತರ ಹೊಳೆಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಎರಡು ವರ್ಷ ತಡವಾಗಿ. ಆದರೆ ಎಂಥ ಉತ್ತರ! ಅವನು ಮಂಚದ ಮೇಲೆ ನೆಟ್ಟಗೆ ಕೂತು, ರಾಜನ ಗತ್ತಿನಲ್ಲಿ, ಬಲಗಡೆಯ ಸ್ಪೀಕರಿಗೆ ಅದನ್ನು ಒಪ್ಪಿಸಿದ. ಸ್ಪೀಕರ್ ಕಿವಿಗೊಡಲಿಲ್ಲ. ಭಾಗವತರು ತಮ್ಮ ಪಾಡಿಗೆ ಮುಂದಿನ ಪದ ಎತ್ತಿದರು. ಹಿಂದಕ್ಕೆ ಹಾಕಿ, ನಿಲ್ಲಿಸಿ, ಇನ್ನೂ ಜೋರಾಗಿ ಹೇಳಿದ. ಮತ್ತೆ ಶುರು ಮಾಡಿದರೆ ಅದೇ ನಗು, ಅದೇ ಪದ. ನಿಜವಾದ ದನಿಯಂತೆ ಕೇಳಿಸುವ ಪೆಟ್ಟಿಗೆ ಬೇಕೆಂದು ಅಷ್ಟು ಅಲೆದು ತಂದದ್ದು. ಅದು ನಿಜದಂತೆ ಮಾತಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ.

ಯಾರೋ ಬಾಗಿಲು ಬಡಿದರು. ಪಕ್ಕದ ಮನೆಯ ಸುಶೀಲಾಬಾಯಿ, ವಿಜಯಪುರ ಕಡೆಯವರು, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದಿದ್ದರು.

"ಏನ್ರೀ ಅಣ್ಣಾರ, ಯಾರ ಜೋಡಿ ಜಗಳಾ ನಡಸೀರಿ? ಹೊಡದಾಟ ಹತ್ತೇತೇನೋ ಅಂತ ರೊಟ್ಟಿ ಬಿಟ್ಟು ಓಡಿ ಬಂದ್ನಿ." ಅವರು ಒಳಗೆ ಇಣುಕಿದರು. "ಅಯ್ಯ, ಮನ್ಯಾಗ ಯಾರೂ ಇಲ್ಲಲ್ರೀ!"

"ಇಲ್ಲ ಅಕ್ಕ, ಇದು... ತಾಳಮದ್ದಳೆ. ಸುಮ್ಮನೆ ಮಾತಾಡ್ತಾ ಇದ್ದೆ."

ಸುಶೀಲಾಬಾಯಿ ಸ್ಪೀಕರ್ ಕೂತಿದ್ದ ಎರಡು ಕುರ್ಚಿಗಳನ್ನೂ, ಅವನ ಮುಖವನ್ನೂ ನೋಡಿದರು. "ಜಗಳಾ ಆಡಾಕರ ಒಬ್ರು ಬೇಕಲ್ರೀ ಅಣ್ಣಾರ" ಎಂದು ಮೆಲ್ಲಗೆ ಹೇಳಿ ಹೋದರು. ಹೋಗಿ ಎರಡು ಬಿಸಿ ರೊಟ್ಟಿ ಕಳಿಸಿಕೊಟ್ಟರು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಅಳು ಬಂತು. ತಟ್ಟೆ ಸರಿಸಿ ಫೋನು ಎತ್ತಿಕೊಂಡ.

ಅವರಿಬ್ಬರೂ ಮಾತಾಡುವುದು ತುಳುವಿನಲ್ಲಿ, ಕುರ್ಚಿಯ ಮೇಲೆ ಕೂತಾಗ ಮಾತ್ರ ಕನ್ನಡ. ನಿಮಗೆ ತಿಳಿಯಲೆಂದು ಕನ್ನಡದಲ್ಲೇ ಹೇಳುತ್ತೇನೆ.

"ಯಾರು? ಧರ್ಮಪಾಲನಾ? ಬದುಕಿದ್ದೀಯಾ ಮಾರಾಯ?"

"ನಿನಗೊಂದು ಉತ್ತರ ಕೊಡ್ಲಿಕ್ಕುಂಟು."

"ಕೊಡು."

"ಫೋನಿನಲ್ಲಿ ಆಗುವುದಿಲ್ಲ. ಎದುರು ಕೂತ್ಕೊಳ್ಳಬೇಕು."

ಆ ಕಡೆ ಪ್ರೆಶರ್ ಕುಕ್ಕರಿನ ಸೀಟಿ, ಮಕ್ಕಳ ಗಲಾಟೆ. "ಕಾಲು ಗಂಟು ನೋವುಂಟು. ಆದಿತ್ಯವಾರ ನೋಡುವಾ" ಎಂದ ಯಜ್ಞೇಶ್ವರ. ನೋಡುವಾ ಎಂದರೆ ನಮ್ಮವರಲ್ಲಿ ಬಹುಪಾಲು ಇಲ್ಲ ಎಂದೇ ಅರ್ಥ.

ಆದರೂ ಆ ಆದಿತ್ಯವಾರ ಧರ್ಮಪಾಲ ಅವಲಕ್ಕಿ ಕಲಸಿ, ಚಾಕ್ಕೆ ನೀರು ಅಳತೆ ಮಾಡಿಟ್ಟು ಕಾದ. ಬಾಲ್ಕನಿಯಲ್ಲಿ ನಿಂತು ರಿಕ್ಷಾ ನಿಂತ ಸದ್ದಿಗೆಲ್ಲ ಕತ್ತು ಚಾಚಿದ. ಸಂಜೆ ಫೋನು ಬಂತು. ಹಳಿ ರಿಪೇರಿಗೆಂದು ಲೈನಿನಲ್ಲಿ ಮೆಗಾಬ್ಲಾಕ್, ಗಾಡಿ ಇಲ್ಲ. ಮೆಗಾಬ್ಲಾಕ್ ಇದ್ದದ್ದು ನಿಜವೇ, ಆದರೆ ಬಾರದಿರುವವನಿಗೆ ಅದಕ್ಕಿಂತ ಒಳ್ಳೆಯ ನೆಪ ಈ ಮುಂಬಯಿಯಲ್ಲಿ ಇನ್ನೊಂದಿಲ್ಲ. ಧರ್ಮಪಾಲ ಅವಲಕ್ಕಿಯನ್ನು ಒಬ್ಬನೇ ತಿಂದ. ಅಂದು ಸ್ಪೀಕರ್ ಹಚ್ಚಲಿಲ್ಲ, ಮರುದಿನವೂ ಹಚ್ಚಲಿಲ್ಲ. ಉತ್ತರವನ್ನು ಮಾತ್ರ ಸ್ನಾನ ಮಾಡುವಾಗ, ಅಕ್ಕಿ ತೊಳೆಯುವಾಗ ಬಾಯೊಳಗೇ ಹೇಳಿಕೊಳ್ಳುತ್ತಿದ್ದ. ಹೇಳಿ ಹೇಳಿ ಅದರ ಮೊನೆ ಸವೆದುಹೋಗುತ್ತದೇನೋ ಎಂದು ಹೆದರಿಕೆಯಾಗುತ್ತಿತ್ತು.

ಮುಂದಿನ ಆದಿತ್ಯವಾರ, ಯಾವ ಸುದ್ದಿಯೂ ಇಲ್ಲದೆ, ಬಾಗಿಲಲ್ಲಿ ಯಜ್ಞೇಶ್ವರ ನಿಂತಿದ್ದ. ಠಾಣೆಯಲ್ಲಿ ಗಾಡಿ ಬದಲಿಸಿ ಬಂದವನ ಅಂಗಿ ಬೆವರಿಗೆ ಅಂಟಿತ್ತು. ಕೈಯಲ್ಲಿ ಕೋಲು ಹೊಸದು, ತಲೆಯಲ್ಲಿ ಕೂದಲು ಕಡಿಮೆ.

"ಕೂತ್ಕೊಳ್ಳಲಿಕ್ಕೆ ಜಾಗ ಉಂಟಾ?" ಎಂದ.

ಕುರ್ಚಿಗಳಲ್ಲಿ ಸ್ಪೀಕರ್ ಕೂತಿದ್ದವು. ಧರ್ಮಪಾಲ ಅವನನ್ನು ಮಂಚದ ಮೇಲೆ, ಆ ಒಂದೇ ಜಾಗದಲ್ಲಿ, ಭುಜ ಹಿಡಿದು ಸರಿಯಾಗಿ ಕೂರಿಸಿ, ಸ್ಪೀಕರ್ ಹಚ್ಚಿ, ತಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. ಅಲ್ಲಿಂದ ಅವನಿಗೆ ಒಂದೇ ಪೆಟ್ಟಿಗೆಯ ದನಿ ಕೇಳುತ್ತಿತ್ತು. ಮಂಚದಲ್ಲಿದ್ದವನ ಕಣ್ಣು ಮಾತ್ರ ನೆಟ್ಟಗೆ ಕ್ಯಾಲೆಂಡರಿನ ಕಡೆ ಹೋಯಿತು.

"ಹೋ, ಭಾಗವತರು!" ಯಜ್ಞೇಶ್ವರ ಗೋಡೆಗೆ ಕೈಮುಗಿದ. "ಅಲ್ಲೇ ಕೂತಿದ್ದಾರಲ್ಲ ಮಾರಾಯ."

ಆಮೇಲೆ ಆ ಮಾತು ಬಂತು. ಧರ್ಮಪಾಲ ಗೆಳೆಯನ ಮುಖದಿಂದ ಕಣ್ಣು ಕೀಳಲಿಲ್ಲ. ಅಲ್ಲಿ ನಾಚಿಕೆ ಕಾಣುತ್ತದೋ, ಗೆಲುವು ಕಾಣುತ್ತದೋ, ಇಷ್ಟು ದಿನ ಕಾದದ್ದು ಇದಕ್ಕೇ. ಯಜ್ಞೇಶ್ವರ ತೊಡೆ ತಟ್ಟಿ ನಕ್ಕ.

"ಇದು ನಾನು ಹೇಳಿದ್ದಾ? ಒಳ್ಳೆದುಂಟಲ್ಲ!"

"ನೆನಪಿಲ್ವಾ ನಿನಗೆ?"

"ಎಂತ ನೆನಪು ಮಾರಾಯ? ಕುರ್ಚಿಯಲ್ಲಿ ಹೇಳಿದ್ದು ಕುರ್ಚಿಯಲ್ಲೇ ಹೋಯಿತು." ಅವನು ನಗು ನಿಲ್ಲಿಸಿ ಧರ್ಮಪಾಲನನ್ನು ನೋಡಿದ. "ನೀನು ಅದನ್ನು ಮನೆಗೆ ತಂದೆಯಾ?"

ಧರ್ಮಪಾಲನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಗೊತ್ತಾಯಿತು: ಎರಡು ವರ್ಷದ ಜಗಳವನ್ನೂ ತಾನು ಒಬ್ಬನೇ ಆಡಿದ್ದ.

"ನೀನು ಚಾ ಕುಡಿಯದೆ ಹೋದದ್ದು ನೆನಪುಂಟು" ಎಂದ ಯಜ್ಞೇಶ್ವರ, ದನಿ ತಗ್ಗಿಸಿ. "ಹೊಟೇಲಿನಲ್ಲಿ ಏನೋ ಅರ್ಜೆಂಟ್ ಇರಬೇಕೆಂದು ನಿನ್ನ ಗ್ಲಾಸು ನಾನೇ ಕುಡಿದೆ. ನನ್ನವಳು ಹೋದಾಗ ನೀನು ಬರ್ತಿ ಅಂತ ನೋಡಿದೆ. ಬರಲಿಲ್ಲ. ಅದು ನೆನಪುಂಟು."

ಧರ್ಮಪಾಲ ತಲೆ ತಗ್ಗಿಸಿದ. ಅದಕ್ಕೆ ಯಾವ ಉತ್ತರವನ್ನೂ ಅವನು ಕಟ್ಟಿಟ್ಟಿರಲಿಲ್ಲ.

ಯಜ್ಞೇಶ್ವರ ಕೋಲೂರಿ ಎದ್ದ. ಒಂದು ಸ್ಪೀಕರನ್ನು ಎತ್ತಿ ನೆಲದ ಮೇಲಿಟ್ಟ. ಧರ್ಮಪಾಲ ಬಂದು ರೆಕಾರ್ಡ್ ನಿಲ್ಲಿಸಿ ಇನ್ನೊಂದನ್ನು ಇಳಿಸಿದ. ಇಬ್ಬರೂ ಕುರ್ಚಿಗಳನ್ನು ಗೋಡೆಯಿಂದ ಎಳೆದು ಎದುರುಬದುರು ಹಾಕಿದರು. ಯಜ್ಞೇಶ್ವರ ಬಂದವರ ಕುರ್ಚಿಯಲ್ಲಿ ಕೂತಾಗ ಪ್ಲಾಸ್ಟಿಕ್ ಹೊದಿಕೆ ಪರಪರ ಎಂದಿತು. ಅವನು ಅದನ್ನು ಹರಿದು ಎಸೆದ.

"ಹೇಳು ನಿನ್ನ ಉತ್ತರ."

ಧರ್ಮಪಾಲ ಗಂಟಲು ಸರಿಮಾಡಿಕೊಂಡ. ಮೊನೆ ಸವೆದಿರಲಿಲ್ಲ. "ಎಲೈ ದೂತನೇ, ಖಾಲಿ ಮನೆ ಎಂದೆಯಲ್ಲ? ತುಂಬಿದ ಮನೆಯಾಗಿದ್ದರೆ ನೀನು ಅಂಗಳದಲ್ಲೇ ನಿಂತು ಮಾತಾಡಬೇಕಿತ್ತು. ಖಾಲಿ ಇದ್ದದ್ದಕ್ಕಲ್ಲವೇ ಒಳಗೆ ಬಂದೆ, ಆಸನ ಏರಿದೆ, ಈಗ ನನ್ನನ್ನೇ ಹೀಯಾಳಿಸುತ್ತಿದ್ದೀಯೆ?"

"ಭೇಷ್!" ಎಂದ ಯಜ್ಞೇಶ್ವರ, ಇನ್ನೂ ದೂತನಾಗದೆ, ಗೆಳೆಯನಾಗಿಯೇ. ಆಮೇಲೆ ಬೆನ್ನು ನೆಟ್ಟಗಾಯಿತು, ಕೋಲು ತೊಡೆಯ ಮೇಲೆ ಅಡ್ಡವಾಯಿತು, ದನಿ ದೂತನದಾಯಿತು.

"ಒಪ್ಪಿದೆ ಮಹಾರಾಜಾ. ಅರ್ಧ ರಾಜ್ಯ ಕೇಳಲು ನಾನು ಬಂದೆ, ಒಂದು ಅಡಿ ನೆಲವನ್ನೂ ಕೊಡೆ ಎಂದು ನೀನೆಂದೆ. ಆದರೆ ನಿನ್ನ ಮನೆಯಲ್ಲಿ ಇರುವುದು ಎರಡೇ ಆಸನ. ಒಂದರಲ್ಲಿ ನೀನು, ಇನ್ನೊಂದರಲ್ಲಿ ನಾನು. ಹಾಗಾದರೆ ಅರ್ಧ ಕೊಟ್ಟಾಯಿತಲ್ಲ? ಇನ್ನು ಯಾವುದಕ್ಕೆ ಯುದ್ಧ?"

ರಾಜ ಬಾಯಿ ತೆರೆದ. ಉತ್ತರ ಹೊಳೆಯಲಿಲ್ಲ. ನಡುವೆ ಪದ ಎತ್ತಿಕೊಂಡು ಕಾಪಾಡಲು ಭಾಗವತರೂ ಇರಲಿಲ್ಲ. ಯಜ್ಞೇಶ್ವರ ಅವಸರ ಮಾಡದೆ, ಅವನ ಮುಖವನ್ನೇ ನೋಡುತ್ತ, ಕಾದು ಕೂತಿದ್ದ.

"ಬರುವ ಆದಿತ್ಯವಾರ ಹೇಳ್ತೇನೆ" ಎಂದ ಧರ್ಮಪಾಲ, ಮತ್ತು ಚಾಕ್ಕೆ ನೀರಿಡಲು ಎದ್ದ.